ಮೂಲಮಟ್ಟ

ಮೂವತ್ತೊಂದು ವರ್ಷ ಶಹಾಬಾದಿನ ಪಾಲಿಶ್ ಮಷೀನಿನ ಮುಂದ
ಮೂಲಮಟ್ಟ ಹಿಡಕೊಂಡು ಕುಂತಂವ ನಾನು.
ಎರಡಕ್ಕೆರಡು ಅಡಿ ಫರಸಿ.
ಮೂಲಿ ಒಂದು ನೂಲು ತಪ್ಪಿದರ
ಸುಣ್ಣದ ಕಡ್ಡಿಲೆ ಗೀಟು ಹೊಡದು, ಆಚಿಗಿ.
ಆಚಿಗಿ ಬಿದ್ದ ಕಲ್ಲು ಮನಿಗಿ ತಂದು
ಅಂಚು ತಿದ್ದಿ, ತಿಕ್ಕಿ
ಅಂಗಳ ತುಂಬ ಹಾಸಿದೆ.
ಹುಲ್ಲಿಗೂ ಸಂದಿ ಬಿಡಲಿಲ್ಲ.

ಕೆಲಸ ಬಿಟ್ಟ ವರ್ಷ ಕೈ ಸುಮ್ಮ ಕೂಡಲಿಲ್ಲ.
ಭೀಮಶಾನ ಹಾರಿಲೆ ಒಂದು ಫರಸಿ ಎಬ್ಬಿಸಿದೆ.
ಹೊರಗ ನಲವತ್ಮೂರು ಡಿಗ್ರಿ,
ಕೆಳಗ ಬಿಳೀ ಬೇರು, ಇರುವಿ ಮೊಟ್ಟಿ,
ಅಂಗೈ ಇಟ್ಟರ ತಂಪು.
ಇಷ್ಟು ದಿನ ಇದರ ಮ್ಯಾಲೇ ಕುರ್ಚಿ ಹಾಕಿದ್ದೆ.

ಕಾಗಿಣಾ ದಂಡಿಯ ಎರಡು ಚೀಲ ಎರಿ ಮಣ್ಣು,
ಹಲೀಮಾಬಿಯ ಚಹಾಪುಡಿ ಡಬ್ಬಿಯಿಂದ ಏಳು ಅವರಿ ಬೀಜ.
ಮಿರಗದ ಮಳಿಗಿ ಊರಿದೆ, ಒಂಬತ್ತೊಂಬತ್ತು ಇಂಚಿಗಿ, ಪಟ್ಟಿ ಹಿಡದು.
ಭೀಮಶಾ ನಕ್ಕ.
ಮೂರು ಎದ್ದವು. ಉಳಿದ ನಾಕು ನನ್ನ ಲೆಕ್ಕಕ್ಕ ಸಿಗಲಿಲ್ಲ.

ಬಳ್ಳಿ ಹಗ್ಗಕ್ಕ ಸುತ್ತಕೊಂಡ ದಿಕ್ಕು ನನಗ ಸೇರಲಿಲ್ಲ.
ಬಿಡಿಸಿ, ಗೇಟಿನ ಕಡಿ ಚಂದ ಕಾಣಲೆಂದು
ತಿರುಗಾಮುರುಗಾ ಸುತ್ತಿದೆ.
ಮುಂಜಾನಿ ನೋಡಿದರ ಹಗ್ಗ ಬಿಟ್ಟು
ಗಾಳ್ಯಾಗ ಏನೋ ಹುಡುಕಲತ್ತಿತ್ತು.
ಮತ್ತ ಸುತ್ತಿದೆ. ಮತ್ತ ಬಿಟ್ಟಿತು.
ಮೂರನೇ ದಿನ ದಾರ ತಂದು ಕಟ್ಟಿದೆ.

ಕಟ್ಟುವಾಗ ಕೈಗೆ ನೆಪ್ಪಾತು.
ಎರಡನೇ ಇಯತ್ತೆ. ಸುಗಲಾ ಎಡಗೈಲೆ ಬರೀತಿದ್ದಳು.
ಆ ಕೈ ನನ್ನ ದಸ್ತಿಲೆ ಕುರ್ಚಿ ಕೋಲಿಗಿ ಕಟ್ಟಿದ್ದೆ,
ದಿನಾ ಸಂಜಿಕಿ, ದೀಪಾವಳಿ ತನಕ.
ಅಕ್ಷರ ನೆಟ್ಟಗಾದವು.
ಪೋರಿ ಮಾತು ಕಮ್ಮಿ ಆತು.
ಅದನ್ನ ಶಿಸ್ತು ಅಂತ ತಿಳದಿದ್ದೆ.

ಅವತ್ತ ರಾತ್ರಿ ಬ್ಯಾಟರಿ ಹಿಡದು ಹೋಗಿ ದಾರ ಕತ್ತರಿಸಿದೆ.
ಕಥಿಯಾಗಿದ್ದರ ಬೆಳಗಾಗೂದ್ರಾಗ ಕುಡಿ ಎದ್ದು ನಿಲ್ಲತಿತ್ತು.
ಇದು ಅಂಗಳ. ಆ ತುದಿ ಕರ್ರಗಾಗಿ ಒಣಗಿತು.
ಅಕ್ಕಿ ತೊಳದ ನೀರು ಹಾಕಿದೆ, ತೊಗರಿ ಹೊಟ್ಟು ಹೊಚ್ಚಿದೆ,
ಮತ್ತೇನೂ ಮಾಡದೇ ಇರೂದು
ಭಾಳ ತ್ರಾಸಿನ ಕೆಲಸ ನೋಡ್ರಿ.
ಹನ್ನೊಂದನೇ ದಿನ ಎರಡು ಎಲಿ ಕೆಳಗ,
ಗೆಣ್ಣಿನ ಮಗ್ಗುಲಿಂದ, ಬ್ಯಾರೆ ಕುಡಿ.
ತನ್ನ ದಿಕ್ಕಿಗೇ ಸುತ್ತಿತು. ನಾ ನೋಡಕೋತ ನಿಂತೆ.

ಇವತ್ತ ಯಾದಗಿರಿಯಿಂದ ಸುಗಲಾ ಬಂದಾಳ.
ಸೆರಗ ಒಡ್ಡಿ ಕಾಯಿ ಹರಿಲತ್ತಾಳ, ಎಡಗೈಲೆ.
ಬ್ಯಾಂಕಿನಾಗ ಸಹಿ ಮಾಡೂದು ಮಾತ್ರ ಬಲಗೈ,
ನಾ ಮಾಡಿಟ್ಟ ಕೈ.
ಹೇಳಬೇಕಂತೀನಿ. ಗಂಟಲಾಗ ಸುಣ್ಣದ ಕಡ್ಡಿ ಸಿಕ್ಕಂಗ ಆಗತದ.
"ಬಲಿತದ್ದು ಬಿಡು, ಬೀಜಕ್ಕ ಇರಲಿ" ಅಂದೆ.

"ಇನ್ನೊಂದು ಫರಸಿ ಎಬ್ಬಿಸೂಣೇನು ಅಪ್ಪಾ?"
"ಯಾವುದು? ನೀ ಹೇಳು."
ತಿರುಗಿ ನನ್ನ ನೋಡಿದಳು, ಗುರುತು ಸಿಗದವರಂಗ.
ಆಮ್ಯಾಲ ಚಪ್ಪಲಿ ಬಿಟ್ಟು,
ಒಂದೊಂದೇ ಕಲ್ಲು ಹಿಮ್ಮಡಿಲೆ ಬಡಕೋತ
ಟೊಳ್ಳು ಸಪ್ಪಳ ಎಲ್ಲಿ ಬರತದ ಅಂತ
ಕೇಳಲತ್ತಾಳ.