ಇನ್ನೊಂದು ವಾರ

ಸಾರುವೆ ಕಟ್ಟುವುದು ನನ್ನ ಕಸುಬು.
ಬೇರೆಯವರ ಮನೆಗೆ ಕಬ್ಬಿಣದ ಎಲುಬು ತೊಡಿಸಿ
ಕೆಲಸ ಮುಗಿದ ದಿನ ಬಿಚ್ಚಿ ಒಯ್ಯುತ್ತೇನೆ.
ನಾನು ಕಟ್ಟಿದ್ದು ಯಾವುದೂ ಈ ಊರಿನಲ್ಲಿ ನಿಂತಿಲ್ಲ.

ಡ್ಯುನಿಡಿನ್‌ನ ಈಶಾನ್ಯ ಕಣಿವೆ, ಮಾರ್ಚ್ ತಿಂಗಳು,
ಮೋರಾಗ್ ಟುಲೋಕ್‌ಳ ಮರದ ಮನೆಗೆ ಬಣ್ಣ.
ಅಳತೆಗೆ ಹೋದರೆ ಉತ್ತರದ ಗೋಡೆಗೆ
(ಇಲ್ಲಿ ಬಿಸಿಲು ಬರುವುದು ಉತ್ತರದಿಂದ)
ಒರಗಿ ನಿಂತಿತ್ತು ಒಂದು ಹಸಿರು ಗುಂಪು
ನನ್ನ ಎರಡರಷ್ಟು ಎತ್ತರ,
ಬಿದಿರಿನ ಹಾಗೆ ಗೆಣ್ಣು ಗೆಣ್ಣು.
"ಮುಟ್ಟಬೇಡ," ಅಂದಳು, "ಅದು ಡೇಲಿಯ."
ನಕ್ಕೆ. ನಮ್ಮ ಅತ್ತೆಯ ಅಂಗಳದ ಡೇಲಿಯ
ಮೊಣಕಾಲು ದಾಟಿದ್ದನ್ನು ನಾನು ಕಂಡಿಲ್ಲ.

ಏಳು ವರ್ಷದಿಂದ ಸಾಕುತ್ತಿದ್ದಾಳೆ.
ಮೆಕ್ಸಿಕೋದ ಬೆಟ್ಟದ ಗಿಡ, ಹಗಲು ಕುಗ್ಗಿದರೇ ಮೊಗ್ಗು.
ಇಲ್ಲಿ ಹಗಲು ಕುಗ್ಗುವುದಕ್ಕೂ
ಇಬ್ಬನಿ ಗಾಜಾಗುವುದಕ್ಕೂ ನಡುವೆ ಸಂದೇ ಇಲ್ಲ.
ಮೇ ತಿಂಗಳಲ್ಲಿ ಮೊಗ್ಗು ಗೋಲಿಯಷ್ಟಾಗುತ್ತದೆ,
ಒಂದು ಬೆಳಗ್ಗೆ ನೋಡಿದರೆ ಅಷ್ಟೂ ಕಪ್ಪು,
ಬೇಯಿಸಿ ಮರೆತ ಸೊಪ್ಪು.
"ಏಳು ಸಲ," ಅಂದಳು. ದನಿಯಲ್ಲಿ ದೂರಿರಲಿಲ್ಲ,
ಬಸ್ಸಿನ ನಂಬರು ಹೇಳಿದ ಹಾಗಿತ್ತು.

ಗಿಡವನ್ನು ಒಳಗಿಟ್ಟೇ ಕಟ್ಟಿದೆ.
ಏಪ್ರಿಲಿನ ಗಾಳಿಗೆ ಪಕ್ಕದ ಬೀದಿಯಲ್ಲಿ ಬೇಲಿ ಉರುಳಿತು;
ಇವು ನನ್ನ ಕೊಳವೆಗಳಿಗೆ ಹೆಗಲು ಕೊಟ್ಟು ತೂಗಿದವು.
ಹಳೆಯ ಲಂಗೋಟಿ ಬಟ್ಟೆಯಿಂದ ಸಡಿಲ ಗಂಟು ಹಾಕಿದೆ,
ಕಬ್ಬಿಣಕ್ಕೆ ಹಾಕುವ ಗಂಟು ಇದರ ಕತ್ತು ಹಿಸುಕುತ್ತದೆ.
ಮೊದಲ ಅಟ್ಟ ದಾಟಿತು. ಎರಡನೆಯದೂ.

ಬಣ್ಣ ಮುಗಿಯಿತು.
ಮಾಲೀಕ ಕ್ರೇಗ್ ದಿನಾ ಫೋನು:
ಕೊಳವೆ ಬೇಕು, ಬಂದರಿನಲ್ಲಿ ಹೊಸ ಕೆಲಸ.
ಬಣ್ಣದ ಟೆವಿಟಾ ಏಣಿಯಿಂದ ಇಳಿದು
ಮೊಗ್ಗು ನೋಡಿದ, ನನ್ನ ನೋಡಿದ,
ಮತ್ತೆ ಹತ್ತಿ, ಸೂರಿನ ಮೂಲೆಯಲ್ಲಿ ಅಂಗೈಯಗಲ
ಬಣ್ಣ ಕೆರೆದು ಹಾಕಿದ.
"ಕೆಲಸ ಬಾಕಿ ಇದೆ ಅಂತ ಹೇಳು," ಅಂದ,
"ಇನ್ನೊಂದು ವಾರ."

ಆ ವಾರದ ಬುಧವಾರ ಗಾಳಿ ನಿಂತಿತು.
ಆಕಾಶ ಪೂರ್ತಿ ತೆರೆದು, ನಕ್ಷತ್ರ ಹರಿತವಾಗಿ.
ಗಾಳಿ ನಿಂತ ರಾತ್ರಿಯನ್ನು ನಂಬಬಾರದು.
ಮೋರಾಗ್ ಕೆಳಗೆ ಟಾರ್ಚು ಹಿಡಿದಳು,
ನಾನು ಮೇಲಿನಿಂದ ಹೊದಿಸಿದೆ:
ಹಾಸಿಗೆಯ ಚಾದರ ಆರು, ಊಟದ ಮನೆಯ ಪರದೆ,
ಮಗನ ಡೇರೆ, ಕೊನೆಗೆ ನನ್ನ ಮಳೆ ಅಂಗಿ.
ಕತ್ತಲಲ್ಲಿ ಒಂದು ದಂಟು ಮುರಿಯಿತು.
ಒಳಗೆ ನೀರು! ಲೋಟಗಟ್ಟಲೆ
ತಣ್ಣಗೆ ತೋಳಿನೊಳಗೆ ಇಳಿದು ಕಂಕುಳ ತನಕ.
ಇಷ್ಟು ದಿನ ಟೊಳ್ಳು ಅಂದುಕೊಂಡಿದ್ದೆ.

ಬೆಳಗ್ಗೆ ಹುಲ್ಲೆಲ್ಲ ಬಿಳಿ.
ಪರದೆ ಎತ್ತಿದರೆ ಅಂಚಿನ ಎಲೆ ಸುಟ್ಟಿದ್ದವು,
ಒಳಗೆ ಹನ್ನೊಂದು ಹೂವು.
ಬಣ್ಣ ಏನೆಂದು ಹೇಳಲಿ, ಟೆವಿಟಾನ ಡಬ್ಬಿಗಳಲ್ಲಿ ಇಲ್ಲದ್ದು,
ನೇರಳೆ ಹಣ್ಣು ತಿಂದು ತೊಳೆದ ಮೇಲೂ
ನಾಲಿಗೆಯ ಅಂಚಿನಲ್ಲಿ ಉಳಿಯುತ್ತದಲ್ಲ, ಅಂಥದ್ದು.
ಎಲ್ಲವೂ ತಲೆ ಬಗ್ಗಿಸಿ ಕೆಳಗೇ ನೋಡುತ್ತಿದ್ದವು.

ನಿಯಮ ಮುರಿದೆ: ನನ್ನ ಹೆಲ್ಮೆಟ್ಟು ಅವಳಿಗೆ ಹಾಕಿದೆ.
ಎಪ್ಪತ್ತಾರರ ಮಂಡಿ, ಮೆಟ್ಟಿಲಿಗೊಂದು ನಿಟ್ಟುಸಿರು,
ಎರಡನೆಯ ಅಟ್ಟದಲ್ಲಿ ಹೂವಿನ ಪಕ್ಕ ನಿಂತಳು.
ಬಹಳ ಹೊತ್ತು ಮಾತಿಲ್ಲ.
ಆಮೇಲೆ: "ಈ ದೋಣಿ ಕೊಳಾಯಿ ಯಾರೂ ತೊಳೆದೇ ಇಲ್ಲವಲ್ಲ!"
ಎಂದು ಬರಿಗೈಯಲ್ಲಿ ಕೊಳೆತ ಎಲೆ ಬಾಚಿದಳು,
ಮೂಗಿನ ತುದಿಗೆ ಹಳದಿ ಪುಡಿ ಮೆತ್ತಿದ್ದು
ಅವಳಿಗೆ ಗೊತ್ತೇ ಇರಲಿಲ್ಲ.

ಶನಿವಾರದ ಮಂಜು ಎಲ್ಲ ಮುಗಿಸಿತು.
ಸೋಮವಾರ ಬಿಚ್ಚಿದೆ. ಟೆವಿಟಾ ಮೂಲೆಗೆ ಬಣ್ಣ ಬಳಿದ.
ಮೋರಾಗ್ ದಂಟು ಕಡಿದು, ಎರಡೆರಡು ಗೆಣ್ಣಿನ ತುಂಡು,
ಒದ್ದೆ ಮರಳಲ್ಲಿ ಮಲಗಿಸಿದಳು.
ಒಂದನ್ನು ಕತ್ತರಿಸದೆ ನನ್ನ ಕೈಗೆ ಕೊಟ್ಟಳು.

ಉಗ್ರಾಣದಲ್ಲಿ ಕ್ರೇಗ್ ಎಣಿಸುತ್ತಾನೆ.
ಹೋದದ್ದು ತೊಂಬತ್ತೆರಡು ಕೊಳವೆ.
ಬಂದದ್ದು ತೊಂಬತ್ತಮೂರು.
ಮತ್ತೆ ಎಣಿಸುತ್ತಾನೆ.