ಒಂದು ಗೇಣು

ಬಾವುಟ ಎತ್ತಿದ್ದು ನಾನೇ. ಅದರಲ್ಲಿ ಎರಡು ಮಾತಿಲ್ಲ.
ಆಟ ಮುಗಿಯಲು ಐದೋ ಆರೋ ನಿಮಿಷ,
ಚೆಂಡು ಬಲೆಯೊಳಗೆ ಇನ್ನೂ ತಿರುಗುತ್ತಿತ್ತು,
ನೆಹರೂ ಮೈದಾನದ ಅರ್ಧಕ್ಕರ್ಧ ಎದ್ದು ಕುಣಿಯಲು
ಒಂದು ಕಾಲು ಮೇಲೆತ್ತಿಯಾಗಿತ್ತು.
ಎತ್ತಿದ ಕಾಲು ಹಾಗೇ ನಿಂತಿತು.

ನನ್ನ ಕೆಲಸವೇ ಅಲ್ಲ ಅದು, ಮಾರಾಯ್ರೆ.
ನಾನು ಬಂದರಿನಲ್ಲಿ ಬಲೆ ಹೆಣೆಯುವವ, ಹರಿದದ್ದನ್ನು ಕೂಡಿಸುವವ.
ಬರಬೇಕಿದ್ದ ಲೈನ್ಸ್‌ಮನ್‌ಗೆ ಫರಂಗಿಪೇಟೆಯಲ್ಲಿ ಮದುವೆಯೂಟ;
ಮುನ್ನೂರು ರೂಪಾಯಿ, ಒಂದು ಪೊಟ್ಟಣ ಬಿರಿಯಾನಿ ಎಂದು
ನನ್ನ ಕೈಗೆ ಹಳದಿ ಬಾವುಟ ಕೊಟ್ಟರು.
'ನಮ್ಮ ಬೆಂಗ್ರೆಯ ತಂಡವೇ ಆಡುವುದಲ್ಲವಾ' ಎಂದೆ.
'ಹಸನಬ್ಬ, ನೀನು ನ್ಯಾಯಸ್ಥ' ಎಂದರು.
ಅಷ್ಟು ಸಾಕು ಮನುಷ್ಯ ಹಾಳಾಗಲು.

ಮೊದಲು ಬಂದದ್ದು ನನ್ನ ತಾಯಿ.
ತೀರಿಹೋಗಿ ಹನ್ನೊಂದು ವರ್ಷ; ಮೈದಾನ ಎಂದರೆ ಏನೆಂದು ನೋಡದವಳು.
ಗ್ಯಾಲರಿಯ ಬಾಯಿಬಾಯಲ್ಲಿ ಅವಳು ಎದ್ದು ಬಂದಳು,
ಹೆಸರು ಹಿಡಿದು ಹೇಳಬಲ್ಲೆ ಆ ಬಾಯಿಗಳನ್ನು,
ಅವಳು ತಟ್ಟಿದ ಅಕ್ಕಿರೊಟ್ಟಿ ತಿಂದ ಬಾಯಿಗಳೂ ಇದ್ದವು.
ಬಂದು ಗೆರೆಯ ಮೇಲೆ ನನ್ನ ಪಕ್ಕ ನಿಂತಳು
ತಲೆವಸ್ತ್ರ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ.
ಆಮೇಲೆ ನೀರಿನ ಬಾಟಲಿ. ಆಮೇಲೆ ಚಪ್ಪಲಿ,
ಎಲ್ಲ ಎಡಗಾಲಿನವೇ, ಅದೇಕೋ.
ಚರುಮುರಿಯವನ ಗಾಡಿ ಮಗುಚಿತು. ಪಾಪ, ಅವನದು ಯಾವ ತಂಡ?
ಆ ಗದ್ದಲದಲ್ಲಿ ಕುದ್ರೋಳಿಯ ಗೋಲ್‌ಕೀಪರ್, ಇನ್ನೂ ಮೀಸೆ ಬಾರದ ಹುಡುಗ,
ಕಂಬ ತಬ್ಬಿ ನಿಂತಿದ್ದ
ಸಂತೆಯಲ್ಲಿ ಅಪ್ಪನ ಕಾಲು ಹಿಡಿದ ಮಗುವಿನಂತೆ.

ಕಲ್ಲು ಬಂದದ್ದು ಕೊನೆಗೆ.
ರಸ್ತೆ ಅಗೆದವರು ಬಿಟ್ಟುಹೋದ ಜಲ್ಲಿ, ಕೋಳಿಮೊಟ್ಟೆಗಿಂತ ಚಿಕ್ಕದು.
ಎಸೆದ ಕೈಯನ್ನು ನೋಡಿದೆ. ಕೈಯೂ ನನ್ನನ್ನು ನೋಡಿತು.

ವೆನ್ಲಾಕ್‌ನಲ್ಲಿ ಕಿವಿಯ ಮೇಲೆ ನಾಲ್ಕು ಹೊಲಿಗೆ.
ಹೊಲಿಯುವವ ಕೇಳಿದ: 'ಕೊನೆಗೆ ಎಷ್ಟಕ್ಕೆ ಎಷ್ಟು?'
ಪೊಲೀಸಿನವರು ಕೇಳಿದರು: 'ಯಾರು?'
'ಬಿಸಿಲಿತ್ತು' ಎಂದೆ.

ಸುತ್ತು ಹಾಕಿದರೆ ಬೆಂಗ್ರೆಗೆ ರಸ್ತೆಯೂ ಉಂಟು,
ರಾತ್ರಿ ಯಾರು ಹೋಗುತ್ತಾರೆ? ನಮಗೆಲ್ಲ ಒಂದೇ ದೋಣಿ.
ಬೈದವರು, ಎಸೆದವರು, ಬೈಸಿಕೊಂಡವ,
ಸುತ್ತಿಟ್ಟ ಬ್ಯಾನರು, ಬಾಯಿ ಮುಚ್ಚಿದ ಡೋಲು,
ಎಲ್ಲ ಕಡೆಯ ಟ್ರಿಪ್ಪಿಗೆ. ಪೊಡಿಮೋನು ನನ್ನಿಂದ ದುಡ್ಡು ತೆಗೆದುಕೊಳ್ಳಲಿಲ್ಲ,
ಮರುಕವೋ ಬಹಿಷ್ಕಾರವೋ ತಿಳಿಯಲಿಲ್ಲ.
ಎದುರು ಹಲಗೆಯಲ್ಲಿ ನೌಫಲ್. ತೊಡೆಯ ಮೇಲೆ ಮಗ ನಿದ್ದೆ,
ಮೊಣಕಾಲಿನ ತನಕ ಬರುವ ಹತ್ತನೇ ನಂಬರಿನ ಅಂಗಿ.
ಮೂರು ಮಳೆಗಾಲದ ಹಿಂದೆ ಅಳಿವೆಯಲ್ಲಿ ದೋಣಿ ಮಗುಚಿದಾಗ
ನನ್ನ ಕೂದಲಿಗೆ ಕೈ ಹಾಕಿ ಎಳೆದುತಂದವ ಇವನೇ.
ಇವತ್ತಿನ ಕೈಯೂ ಅದೇ.
ಅದನ್ನು ಮಗನ ಬೆನ್ನ ಕೆಳಗೆ ಅಡಗಿಸಿದ್ದ.

ನಡುಹೊಳೆಯಲ್ಲಿ ಲೋಕಯ್ಯಣ್ಣ ಬೀಡಿ ಆರಿಸಿ ಕೇಳಿದರು,
ಮೀನಿನ ಕ್ರಯ ಕೇಳುವ ಹಾಗೆ:
'ಎಷ್ಟು ಮುಂದಿದ್ದ ಮಾರಾಯಾ ಆ ಹುಡುಗ?'
'ಒಂದು ಗೇಣು.'
'ಯಾರ ಗೇಣು?'

ಯಾರೋ ನಕ್ಕರು, ಅರ್ಧಕ್ಕೇ ನುಂಗಿಕೊಂಡರು.
ಕತ್ತಲಲ್ಲಿ ಇಪ್ಪತ್ತು ಮೂವತ್ತು ಜನ ತಮ್ಮ ತಮ್ಮ ಕೈ ಅಗಲಿಸಿ
ತೊಡೆಯ ಮೇಲೆ, ಹಲಗೆಯ ಮೇಲೆ ಅಳೆದು ನೋಡುತ್ತಿದ್ದರು.
ಇಂಜಿನ್ ಮಾತ್ರ ಮಾತಾಡುತ್ತಿತ್ತು.

ಅವರಿಗೆ ಹೇಳದ್ದು ಒಂದು ಉಂಟು:
ಬಂದರಿನ ಕಡೆಯಿಂದ ಬಿಸಿಲು ನೇರ ಕಣ್ಣಿಗೆ ಬಿದ್ದಿತ್ತು ಆಗ.
ಚೆಂಡು ಕಾಲು ಬಿಟ್ಟ ಗಳಿಗೆಯಲ್ಲಿ ನಾನು ಕಂಡದ್ದು ಬರೀ ಬಿಳಿ.
ಕೈ ತಾನಾಗಿ ಎದ್ದಿತು.
ನಮ್ಮವನೆಂದು ಬಿಟ್ಟ ಎಂದಾರು ಎಂಬ ಹೆದರಿಕೆಗೆ ಎದ್ದಿತೋ ಏನೋ.
ಕಲ್ಲು ಅಂಗಿಯ ಜೇಬಿನಲ್ಲೇ ಇತ್ತು. ನೀರಿಗೆ ಹಾಕುವ ಎಂದುಕೊಂಡೆ.
ಅಷ್ಟು ಸಣ್ಣ ಸದ್ದೂ ಆ ದೋಣಿಯಲ್ಲಿ ಎಲ್ಲರಿಗೂ ಕೇಳುತ್ತಿತ್ತು.

ಧಕ್ಕೆಗೆ ತಾಗಿದಾಗ ತಲೆ ತಿರುಗಿತು.
ಮಗನನ್ನು ಹೆಗಲಿಗೆ ಹಾಕಿ ಮೊದಲು ಇಳಿದವ
ತಿರುಗಿ ನೋಡದೆಯೇ ಕೈ ಹಿಂದಕ್ಕೆ ಚಾಚಿದ.
ಹಿಡಿದೆ.
ಗೇಣು ದೊಡ್ಡದೇ ಅವನದ್ದು.