ನೆತ್ತಿಯಲ್ಲೊಂದು ತೂತು

ಬಂದರಿನ ಗಲ್ಲಿಯಲ್ಲಿ ನಲವತ್ತು ವರ್ಷ
ತೂತು ಮುಚ್ಚಿದವ ನಾನು, ಕೊಡೆ ಹಸನಬ್ಬ.
ಬಿಡಿಸಿ, ಬಿಸಿಲಿಗೆ ಹಿಡಿದು, ಬೆಳಕಿನ ಚುಕ್ಕಿ ಎಣಿಸಿ
ಬೆಲೆ ಹೇಳುವುದು.
ಎಂಟು ಎಸಳು, ಒಂದು ಹಿಡಿ.
ಅಷ್ಟೇ ನನ್ನ ಗಣಿತ.

ದೀಪಾವಳಿ ಕಳೆದು ಕೊಡೆಗಳೆಲ್ಲ ಅಟ್ಟ ಹತ್ತಿದ ಮೇಲೆ
ರೆನಿಟಾ ಬಾಯಿ ಬಂದಳು.
"ಒಂದು ದೊಡ್ಡ ಕೊಡೆ ಉಂಟು ಬ್ಯಾರಿಗಳೇ,
ಇಪ್ಪತ್ತನಾಲ್ಕು ಎಸಳು. ಹಿಡಿ ಇಲ್ಲ.
ಬಿಸಿಗಾಳಿಯೇ ಅದಕ್ಕೆ ಕಡ್ಡಿ."
ನಾನು ನಕ್ಕೆ. ಅವಳು ನಗಲಿಲ್ಲ.

ಜೆಪ್ಪುವಿನಲ್ಲೊಂದು ಮುಚ್ಚಿದ ಹಂಚಿನ ಕಾರ್ಖಾನೆ,
ಬಾವಲಿ ಬಿಟ್ಟರೆ ನಾವೇ.
ಗುಡಿಸಿದ ನೆಲದಲ್ಲಿ ಹಾಸಿದ ನೈಲಾನು:
ಒಳಗೆ ಸಣ್ಣ ಸಣ್ಣ ಚೌಕ, ದಪ್ಪ ನೂಲಿನ ಬೇಲಿ,
ಒಂದು ಗದ್ದೆಯಲ್ಲಿ ಹರಿದರೆ ಪಕ್ಕದ ಬದುವಿನಲ್ಲಿ ನಿಲ್ಲುತ್ತದೆ ಹರಕು.
ಇದು ಮೊದಲೇ ಬಂದಿದ್ದರೆ ನನ್ನ ಹೊಟ್ಟೆಗೆ ಏಟು, ಅಂದೆ.
ಬೆಂಕಿ ಉಗುಳುವ ಬಾಯಿಗೆ ಬೇರೆ ಬಟ್ಟೆ.
ಕಡ್ಡಿ ಗೀರಿ ಹಿಡಿದೆ; ಕಪ್ಪಾಯಿತು, ಹತ್ತಿಕೊಳ್ಳಲಿಲ್ಲ.
ಎರಡನೇ ಕಡ್ಡಿಯನ್ನೂ ಗೀರಿದೆ.

ಎಸಳಿನ ಅಂಚು ಕಂಪ್ಯೂಟರ್ ಎಳೆದ ಗೆರೆ.
ನನ್ನ ಕಣ್ಣಿಗೆ ನಡುವಿನಲ್ಲಿ ತುಸು ದಪ್ಪ ಕಂಡಿತು.
ಹೊಲಿಗೆಯನ್ನು ಒಳಗೆ ತೆಗೆದುಕೊಂಡೆ, ಬರೀ ಅರ್ಧ ಬೆರಳು.
ಯಾರಿಗೂ ಹೇಳಲಿಲ್ಲ.
ಕೊಡೆಯಲ್ಲಾದರೆ ಅರ್ಧ ಬೆರಳನ್ನು ಕಡ್ಡಿ ಎಳೆದು ನುಂಗುತ್ತದೆ.
ಇಲ್ಲಿ, ಅಳತೆ ಕೊಟ್ಟು ತರಿಸಿದ ಸೊಂಟದ ಪಟ್ಟಿ ಸುತ್ತಿದಾಗ
ಹನ್ನೆರಡು ಬೆರಳು ಜೋತು ಬಿತ್ತು,
ಜ್ವರದಿಂದೆದ್ದವನ ಬೆಲ್ಟಿನ ಹಾಗೆ.

ಬಿಚ್ಚಿದೆ. ಹನ್ನೊಂದು ರಾತ್ರಿ.
ನೈಲಾನು ಸೂಜಿಯನ್ನು ಮರೆಯುವುದಿಲ್ಲ,
ನೂಲು ಹೋದರೂ ತೂತುಗಳು ಸಾಲು ಬಿಡಲಿಲ್ಲ.
ಬಾಯಿ ಬೈಯಲಿಲ್ಲ.
ಸಾಲಿನುದ್ದಕ್ಕೂ ಸಿಲಿಕೋನಿನ ಪಟ್ಟಿ ಅಂಟಿಸಿ, ತೂಗಿ,
ಪುಸ್ತಕದಲ್ಲಿ ಬರೆದಳು:
ಹಸನಬ್ಬರ ಅರ್ಧ ಬೆರಳು, ಎರಡು ಕಿಲೋ ನೂರು ಗ್ರಾಂ.

ಬುಟ್ಟಿಗೆ ಎಲುಬು ಕಾರ್ಬನ್ನಿನದು, ಮೈ ಬೆತ್ತ.
ಹೆಣೆದವಳು ಬಾಗಿ. ಆಳೆತ್ತರದಿಂದ ಬೀಳಿಸಿದೆವು,
ಕಿರ್ರ್ ಅಂದಿತು. ನಾನು ಕಣ್ಣು ಮುಚ್ಚಿದೆ.
"ಕೂಗುವ ಬೆತ್ತ ಮುರಿಯುವುದಿಲ್ಲ," ಅಂದಳು
ಎಲೆಯಡಿಕೆ ಉಗುಳಿ.

ಎಲ್ಲ ಮುಗಿಯಿತು ಅಂದುಕೊಂಡೆ. ನೋಡಿದರೆ
ನೆತ್ತಿಯಲ್ಲಿ ಕೋಣೆಯಷ್ಟು ತೂತು!
ಮುಚ್ಚಳ ಉಂಟು, ದುಂಡು ಬಟ್ಟೆ. ಅದನ್ನು ಹೊಲಿಯಬಾರದಂತೆ.
"ಒಳಗಿನ ಗಾಳಿಯೇ ಒತ್ತಿ ಹಿಡಿಯುತ್ತದೆ,
ಇಳಿಯಬೇಕಾದಾಗ ಹಗ್ಗ ಎಳೆಯುವುದು."
ಗಾಳಿಯನ್ನು ನಂಬಿ ಯಾರಾದರೂ ಬಾಗಿಲು ಬಿಡುತ್ತಾರಾ ಮಾರಾಯರೇ?
ಆ ರಾತ್ರಿ ಸೂಜಿ ಹಿಡಿದು ಹೋದೆ, ನಾಲ್ಕು ಟಾಕಿ ಹಾಕುವ ಅಂತ.
ಕಾವಲಿನ ಲಿಂಗಪ್ಪ ಕೆಮ್ಮಿದ. ತಿರುಗಿ ಬಂದೆ.
ಆ ಕೆಮ್ಮಿನ ಋಣ ನನ್ನ ಮೇಲೆ ಇನ್ನೂ ಉಂಟು.

ಜನವರಿಯ ನಸುಕು. ಗಾಳಿ ಗುಡ್ಡದಿಂದ ಕಡಲಿಗೆ.
ಬಿಟ್ಟರೆ ಲಕ್ಷದ್ವೀಪ, ಅದಕ್ಕೇ ಮೂರು ಹಗ್ಗ.
ಬೆಂಕಿ ಗುಟುರಿತು. ಮಲಗಿದ್ದ ಬಟ್ಟೆ
ಕೆಸರಿನ ಕೋಣದ ಹಾಗೆ ಮೊದಲು ಬೆನ್ನು ಎತ್ತಿತು.
ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು.
ಐವತ್ತೊಂದು. ಚಪ್ಪಲಿ ಸೇರಿ.

ನೆಲ ಮೆಲ್ಲಗೆ ಕೈ ಬಿಟ್ಟಿತು.
ನೆತ್ತಿಯ ಬಿಸಿ ಬಾಯಿಯ ಫೋನಿನಲ್ಲಿ ಅಂಕೆಯಾಗಿ ಏರುತ್ತಿತ್ತು:
ತೊಂಬತ್ತೆರಡು, ತೊಂಬತ್ತೇಳು.
ಕೆಳಗೆ ಹಂಚು, ಹಂಚು, ನೇತ್ರಾವತಿ,
ಮರಳಿನ ದೋಣಿಯಲ್ಲಿ ಕೈಬೀಸುವ ಯಾರೋ.
ನಾನು ನೋಡಿದ್ದು ಒಳಗೆ.
ಬೆಳಗಿದ ಎಸಳುಗಳ ನಡುವೆ ಅಂಟಿಸಿದ ಪಟ್ಟಿಗಳು,
ನನ್ನ ಗುಟ್ಟು, ಇಪ್ಪತ್ತನಾಲ್ಕು ಗೆರೆ, ಊರಿಗೇ ಕಾಣುವ ಹಾಗೆ.

"ನೀವೇ ಎಳೆಯಿರಿ," ಬಾಯಿ ಹಗ್ಗ ಕೊಟ್ಟಳು.
ಎಳೆದೆ.
ಮೇಲೆ ಮುಚ್ಚಳ ಸರಿದು ಒಂದು ಬಳೆ ಆಕಾಶ ಬಂತು.
ಅಭ್ಯಾಸ ನೋಡಿ,
ಬೆಲೆ ಹೇಳಲು ಬಾಯಿ ತೆರೆದಿದ್ದೆ.
ಹಗ್ಗ ಸಡಿಲಿಸಿದೆ,
ತನ್ನಷ್ಟಕ್ಕೇ ಮುಚ್ಚಿಕೊಂಡಿತು.